ನೂರರ ಎಣಿಕೆ

ಹಂಚಿಕೆಯ ವಿಷಯದಲ್ಲಿ ನಾಲ್ಕು ವರ್ಷ ನನ್ನ ಮಾತು ಒಂದೂ ಸುಳ್ಳಾಗಿರಲಿಲ್ಲ. ಯಾವ ಹೊಸಬ ಯಾವ ತಂಡಕ್ಕೆ ಹೋಗುತ್ತಾನೆಂದು ಹದಿನೈದು ದಿನ ಮೊದಲೇ ನನ್ನ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಬಿಡುತ್ತಿದ್ದೆ. ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತವರು ಅದನ್ನು ಓದಿ ಜಗಳಕ್ಕೆ ಬರುತ್ತಿದ್ದರು. ಗಿರಣಿಯ ಸದ್ದಿನಲ್ಲಿ ಅವರೂ ಕೂಗಬೇಕು, ನಾನೂ ಕೂಗಬೇಕು. ಹಂಚಿಕೆಯ ಮರುದಿನ ಅವರೇ ಬಂದು, "ಮರುಳಪ್ಪಣ್ಣ, ನಿಂಗೆ ಯಾರು ಹೇಳ್ತಾರೆ ಇದನ್ನೆಲ್ಲ" ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ. ಯಾವ ತಂಡದಲ್ಲಿ ಯಾರ ಮೊಣಕಾಲು ಸವೆದಿದೆ, ಯಾರ ಓಟ ಕುಂಟುತ್ತಿದೆ ಎಂದು ವರ್ಷವೆಲ್ಲ ನೋಡುತ್ತಿದ್ದೆ, ಅಷ್ಟೆ. ನೋಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು.

ನಮ್ಮೂರನ್ನು ರೈಲು ಹಳಿ ಎರಡು ಹೋಳು ಮಾಡಿದೆ. ಈಚೆಗೆ ನಮ್ಮ ಮೂಡಲಪೇಟೆ, ಆಚೆಗೆ ಪಡುವಲಪೇಟೆ. ಸಂತೆ ಒಂದೇ, ಆಸ್ಪತ್ರೆ ಒಂದೇ, ಹೆಣ್ಣು ಕೊಡುವುದು ತರುವುದು ಎಲ್ಲ ಇದೆ. ಬೇರೆಯಾಗಿರುವುದು ಫುಟ್‌ಬಾಲ್ ತಂಡ ಮಾತ್ರ. ವರ್ಷಕ್ಕೊಮ್ಮೆ, ಎರಡೂ ಪೇಟೆಗಳಲ್ಲಿ ಹೆಸರು ಕೊಟ್ಟ ಹರೆಯದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಹಂಚಿಕೆ ಮಾಡುತ್ತಾರೆ. ಹಿಂದಿನ ದೊಡ್ಡ ಪಂದ್ಯದಲ್ಲಿ ಸೋತವರದು ಮೊದಲ ಪಾಳಿ, ಆಮೇಲೆ ಗೆದ್ದವರದು, ಹೀಗೆ ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತ ಹೋಗುತ್ತಾರೆ. ಹುಡುಗ ಎಲ್ಲಿ ಹುಟ್ಟಿದ ಎಂದು ಯಾರೂ ಕೇಳುವುದಿಲ್ಲ. ಕರೆದ ತಂಡಕ್ಕೆ ಹೋಗಬೇಕು. ಆ ತಂಡದ ಅಂಗಿ ಮೈಮೇಲೆ ಬಿದ್ದ ಗಳಿಗೆಯಿಂದ ಅವನ ದನಿ ಆ ಪೇಟೆಯಲ್ಲಿ ಹುಟ್ಟಿದವರಿಗೆ ಮಾತ್ರ ಕೇಳಿಸುತ್ತದೆ. ಅವನಿಗೆ ಎಲ್ಲರ ಮಾತೂ ಕೇಳಿಸುತ್ತದೆ. ಉಳಿದವರಿಗೆ ಅವನ ಬಾಯಿ ಆಡುವುದು ಕಾಣಿಸುತ್ತದೆ, ಸದ್ದಿಲ್ಲ. ತಂಡ ಅಂಗಿ ವಾಪಸು ಪಡೆದು ಬಿಡುಗಡೆ ಮಾಡುವವರೆಗೆ ಹೀಗೇ. ಹಳಿ ದಾಟಿ ಮನೆ ಬದಲಾಯಿಸಿ ನೋಡಿದವರಿದ್ದಾರೆ, ಕಿವಿ ಬದಲಾಗಲಿಲ್ಲ. ಬೇಕರಿಯ ರೇವಣ್ಣ ತನ್ನ ಅಳಿಯನ ಜೊತೆ ಒಂಬತ್ತು ವರ್ಷ ಸ್ಲೇಟು ಬಳಪದಲ್ಲೇ ಸಂಸಾರ ಸಾಗಿಸಿದ. ಅಳಿಯ ಬಿಡುಗಡೆಯಾಗಿ ಬಾಯಿ ಬಿಟ್ಟ ಮೇಲೆ, ಸ್ಲೇಟೇ ವಾಸಿಯಾಗಿತ್ತು ಎಂದು ಗಿರಣಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ.

ನನ್ನ ಮಗ ಕೊಟ್ರೇಶ ಹೆಸರು ಕೊಟ್ಟಾಗ ಅವನಿಗೆ ಇಪ್ಪತ್ತು. ಬಲಗಾಲಲ್ಲಿ ಹೊಡೆಯುವ ಹಾಗೆ ತೋರಿಸಿ ಎಡಗಾಲಲ್ಲಿ ಹೊಡೆಯುತ್ತಿದ್ದ. ಅಂಥ ಆಟ ನಮ್ಮೂರು ಹತ್ತು ವರ್ಷದಿಂದ ಕಂಡಿರಲಿಲ್ಲ. ಇದು ಅಪ್ಪನ ಮಾತಲ್ಲ, ಆಟ ನೋಡಿದವನ ಮಾತು.

ಹಂಚಿಕೆಗೆ ಮೊದಲು ಒಂದು ವಾರ ಪರೀಕ್ಷೆಯ ಆಟಗಳಿರುತ್ತವೆ. ಎರಡೂ ತಂಡದವರು ಬೇಲಿಯ ಪಕ್ಕ ಕುಳಿತು ನೋಡುತ್ತಾರೆ. ಮಗ ನಮ್ಮಲ್ಲೇ ಉಳಿಯಲಿ ಎನ್ನುವ ಮನೆಯವರು ಆ ವಾರ ಅವನಿಗೆ ಆಟ ಮುಚ್ಚಿಡು ಎಂದು ಹೇಳಿ ಕಳಿಸುತ್ತಾರೆ. ಬೇಕೆಂದೇ ಎಡವುವುದು, ಕೈಗೆ ಬಂದ ಗೋಲನ್ನು ಆಕಾಶಕ್ಕೆ ಹೊಡೆಯುವುದು. ಸ್ವಂತ ಪೇಟೆಯವರಿಗೆ ಅವನ ನಿಜವಾದ ಆಟ ಗೊತ್ತೇ ಇರುತ್ತದೆ. ಐದನೆಯದೋ ಆರನೆಯದೋ ಪಾಳಿಯಲ್ಲಿ ಮೆಲ್ಲಗೆ ಎತ್ತಿಕೊಳ್ಳುತ್ತಾರೆ. ಆ ವರ್ಷ ದೊಡ್ಡ ಪಂದ್ಯ ಗೆದ್ದವರು ನಾವು, ಹಾಗಾಗಿ ಮೊದಲ ಪಾಳಿ ಪಡುವಲದವರದು.

"ಆಟ ಮುಚ್ಚಿಡು ಅಂತ ಅವನಿಗೊಂದು ಮಾತು ಹೇಳ್ರಿ" ಎಂದಳು ನನ್ನ ಹೆಂಡತಿ ಹಾಲಮ್ಮ. "ನೀವು ಹೇಳಿದ್ರೆ ಕೇಳ್ತಾನೆ."

"ಯಾಕೆ ಮುಚ್ಚಿಡಬೇಕು? ಪಡುವಲದೋರಿಗೆ ಬೇಕಾಗಿರೋದು ಗೋಲು ಕಾಯೋ ಗೋಲಿ. ಅವರ ಓಂಕಾರಿಗೆ ಮೂವತ್ತೆಂಟು ದಾಟೈತೆ, ಬಗ್ಗಿದ್ರೆ ಏಳೋಕೆ ಆಗಲ್ಲ. ಈ ಸಲ ಸಾಲಿನಲ್ಲಿ ಆರಡಿ ಗೋಲಿ ಒಬ್ಬ ನಿಂತಾನೆ. ಅವನನ್ನ ಬಿಟ್ಟು ನಮ್ಮೋನನ್ನ ಕರೆಯೋಕೆ ಅವರಿಗೇನು ತಲೆ ಕೆಟ್ಟೈತಾ? ಮೊದಲ ಪಾಳಿ ಗೋಲಿ, ಎರಡನೇದು ನಮ್ಮದು, ಕೊಟ್ರೇಶ. ಬರೆದಿಟ್ಟೀನಿ ನೋಡು ಹೋಗು."

"ನೋಡಿದೆ. ನಿಮಗೆ ಮಗ ಬೇಕೋ, ಗೋಡೆ ಮೇಲೆ ಬರೆದಿದ್ದು ನಿಜ ಆಗೋದು ಬೇಕೋ?"

"ಎರಡೂ."

ಅವಳು ಮೊರದಲ್ಲಿದ್ದ ಬೇಳೆಯಲ್ಲಿ ಕೈಯಾಡಿಸುತ್ತ ಕುಳಿತಳು. ಹಾಲಮ್ಮ ಪಡುವಲಪೇಟೆಯ ಮಗಳು. ಕೊಟ್ರೇಶ ನಮ್ಮ ತಂಡಕ್ಕೆ ಬಂದರೆ ಅವನ ದನಿ ನನಗೆ ಕೇಳಿಸುತ್ತದೆ, ಅವಳಿಗಿಲ್ಲ. ಸತ್ಯ ಹೇಳುತ್ತೇನೆ, ಆ ಕ್ಷಣದವರೆಗೆ ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವಳು ಯೋಚಿಸಿದ್ದಳು. "ನಂಗೆ ಕೇಳಿಸದಿದ್ರೂ ನಡೆಯುತ್ತೆ" ಎಂದಳು. "ನೀವು ತಡ್ಕೊಳ್ಳೋರಲ್ಲ. ಅದಕ್ಕೇ ಹೇಳ್ತಿರೋದು." ನಾನು ನಕ್ಕು ಗಿರಣಿಗೆ ಹೋದೆ. ಆ ವಾರ ಕೊಟ್ರೇಶ ಮೂರು ಆಟದಲ್ಲಿ ಏಳು ಗೋಲು ಹೊಡೆದ. ಬೇಲಿಯ ಪಕ್ಕ ಪಡುವಲದವರು ಕಡಲೆಕಾಯಿ ತಿನ್ನುವುದನ್ನೂ ಮರೆತು ಕುಳಿತಿದ್ದರು. ನಾನು ಎದೆಯುಬ್ಬಿಸಿಕೊಂಡು ಓಡಾಡಿದೆ.

ಹಂಚಿಕೆಯ ದಿನ ಪಡುವಲದ ಕಾರ್ಯದರ್ಶಿ ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡು ಹೆಸರು ಓದಿದರು. "ಗಿರಣಿ ಮರುಳಪ್ಪನ ಮಗ ಕೊಟ್ರೇಶ." ಆರಡಿಯ ಗೋಲಿ ಸಾಲಿನಲ್ಲಿ ಹಾಗೇ ನಿಂತಿದ್ದ. ನೀಲಿ ಅಂಗಿ ತಂದು ನನ್ನ ಮಗನ ತಲೆಯ ಮೇಲಿಂದ ಇಳಿಸಿದರು. ಅವನು ಕತ್ತು ಹೊರಗೆ ಹಾಕಿ, ನಮ್ಮ ಕಡೆ ತಿರುಗಿ ಏನೋ ಹೇಳಿದ. ತುಟಿ ಅಲ್ಲಾಡಿತು.

"ಏನಂದ?" ಎಂದು ಹಾಲಮ್ಮನನ್ನು ಕೇಳಿದೆ.

"ನಿನ್ನ ಮಾತು ಸುಳ್ಳಾಯ್ತಲ್ಲಪ್ಪ ಅಂದ" ಎಂದಳು. "ನಕ್ಕೊಂಡೇ ಅಂದ."

ಮನೆಗೆ ಬಂದ ಮೇಲೆ ನಾನು ಮೊದಲು ಮಾಡಿದ ಕೆಲಸವೆಂದರೆ ಗಿರಣಿಯ ಗೋಡೆಗೆ ನೀರು ಹೊಡೆದು ಒರೆಸಿದ್ದು. ಎರಡನೆಯದು ಸ್ಲೇಟು ತಂದದ್ದು. ಅಡುಗೆಮನೆಯ ಮೊಳೆಗೆ ಅದನ್ನು ನೇತುಹಾಕಿದೆ. ಕೊಟ್ರೇಶ ಊಟಕ್ಕೆ ಕುಳಿತಾಗ ಅದರ ಮೇಲೆ "ಸಾಕು" ಎಂದೋ "ಉಪ್ಪು ಕಮ್ಮಿ" ಎಂದೋ ಬರೆಯುತ್ತಿದ್ದ. ಒಂದು ದಿನ ನಾನೇ ಸ್ಲೇಟು ಕೊಟ್ಟು, ಅಲ್ಲಿಯವರು ಹೇಗೆ ನೋಡಿಕೊಳ್ಳುತ್ತಾರೆ ಎಂದು ಕೇಳಿದೆ. "ಚೆನ್ನಾಗಿ" ಎಂದು ಬರೆದು ಕೈ ತೊಳೆಯಲು ಎದ್ದ. ಆಟದಿಂದ ಬಂದವನಿಗೆ ಹೇಳುವುದು ಬೇಕಾದಷ್ಟಿರುತ್ತದೆ, ಅದನ್ನೆಲ್ಲ ಬಳಪ ಹಿಡಿದು ಬರೆಯುತ್ತ ಕೂರುವ ತಾಳ್ಮೆ ಯಾರಿಗಿದೆ. ಅವನು ಒಲೆಯ ಪಕ್ಕ ಮಣೆ ಹಾಕಿಕೊಂಡು ಅವ್ವನೊಡನೆ ಮಾತಿಗೆ ಕೂರುತ್ತಿದ್ದ. ಅವಳ ಅರ್ಧದ ಮಾತು ಮಾತ್ರ ನನಗೆ ಕೇಳಿಸುತ್ತಿತ್ತು. "ಅಯ್ಯೋ, ಆಮೇಲೆ?" ಎನ್ನುತ್ತಿದ್ದಳು, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಏನಂತೆ ಎಂದರೆ, "ಏನಿಲ್ಲ, ಆಟದ್ದು" ಎನ್ನುತ್ತಿದ್ದಳು. ಅರ್ಧ ಗಂಟೆಯ ಮಾತು ನನ್ನ ಪಾಲಿಗೆ ಬರುವಾಗ ಎರಡು ಪದವಾಗಿರುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಡುವವನನ್ನು ಜನ ಏನೆನ್ನುತ್ತಾರೋ, ನಾನಂತೂ ಪಟ್ಟೆ. ಒಂದು ಸಲ, "ನೀನು ನಡುವೆ ಮಾತು ನುಂಗ್ತೀಯ" ಎಂದು ರೇಗಿದೆ. ಮಗ ಎದ್ದು ಹೊರಗೆ ಹೋದ.

ಅವನು ಅಲ್ಲಿ ಬಹಳ ಬೇಗ ಮೇಲೆ ಬಂದ. ಹೊಸಬರಿಗೆ ಮೊದಲ ವರ್ಷ ಚೆಂಡು ಹೊತ್ತು ತರುವುದೇ ಕೆಲಸ, ಇವನನ್ನು ನಾಲ್ಕನೆಯ ಆಟಕ್ಕೇ ಮುಂದೆ ನಿಲ್ಲಿಸಿದರು. ಗಿರಣಿಯಲ್ಲಿ ನನ್ನ ಕಡೆ ನೋಡುವ ನೋಟ ಬದಲಾಯಿತು. ಮೊದಲು ತಮಾಷೆ. "ನಿನ್ನ ಮಗ ನಮಗೇ ಗೋಲು ಹೊಡೆದ್ರೆ ಬೀಸೋದಕ್ಕೆ ಬೇರೆ ಗಿರಣಿ ನೋಡ್ಕೋತೀವಿ ಕಣಣ್ಣ" ಎನ್ನುತ್ತಿದ್ದರು. ಆಮೇಲೆ ತಮಾಷೆಯೂ ನಿಂತಿತು. ನಾನು ಹತ್ತಿರ ಬಂದರೆ ತಂಡದ ಮಾತು ನಿಲ್ಲಿಸಿ ಜೋಳದ ಮಾತಿಗೆ ಹೊರಳುತ್ತಿದ್ದರು.

ದೊಡ್ಡ ಪಂದ್ಯಕ್ಕೆ ಹತ್ತು ದಿನವಿರುವಾಗ ಮೂಡಲಪೇಟೆಯ ಕಮಿಟಿಯವರು ಕರೆಸಿದರು. ವಿಷಯ ನನ್ನ ಎಣಿಕೆಯದು. ಎದುರು ತಂಡದವನು ಬಿದ್ದರೆ ಅವನಿಗೆ ನಿಜವಾಗಿ ಪೆಟ್ಟಾಗಿದೆಯೋ, ನಟಿಸುತ್ತಿದ್ದಾನೋ ಎಂದು ದನಿ ಕೇಳಿಸದವರಿಗೆ ತಿಳಿಯುವುದು ಹೇಗೆ? ಅದಕ್ಕೇ ನೂರರ ಎಣಿಕೆ ಎಂದು ಹಿಂದಿನವರು ಮಾಡಿಟ್ಟಿದ್ದಾರೆ. ಬಿದ್ದವನ ಎದುರು ಪೇಟೆಯ ಜನ ಒಂದರಿಂದ ನೂರರವರೆಗೆ ಎಣಿಸುತ್ತಾರೆ. ಅಲ್ಲಿಯವರೆಗೆ ಆಟ ನಡೆಯುತ್ತಲೇ ಇರುತ್ತದೆ, ಯಾರೂ ಅವನ ಹತ್ತಿರ ಹೋಗುವಂತಿಲ್ಲ. ನೂರರೊಳಗೆ ಎದ್ದು ಓಡಿದರೆ ಎಣಿಕೆ ಮುಗಿಯಿತು, ಆಡಬಹುದು. ನೂರು ತುಂಬಿದರೆ ಹೊತ್ತುಕೊಂಡು ಹೋಗುತ್ತಾರೆ, ಆ ವರ್ಷಕ್ಕೆ ಅವನ ಹೆಸರು ಹೊಡೆದುಹಾಕುತ್ತಾರೆ. ಮೊದಲ ವರ್ಷವೇ ನೂರು ತುಂಬಿಸಿಕೊಂಡ ಹೊಸಬನನ್ನು ಯಾವ ತಂಡವೂ ಮತ್ತೆ ಹತ್ತಿರ ಸೇರಿಸುವುದಿಲ್ಲ. ಎಣಿಕೆಗೆ ಮುಂದಾಳು ಒಬ್ಬನಿರುತ್ತಾನೆ. ಅವನು ಹೇಳಿದ ಮೇಲೆಯೇ ಜನ ಹೇಳಬೇಕು. ಅವನು ಬಾಯಿ ಮುಚ್ಚಿದರೆ ಎಣಿಕೆ ನಿಂತಿತು, ಆಟವೂ ನಿಂತಿತು, ಬಿದ್ದವನ ಹೆಸರಿಗೆ ಬಾಧೆಯಿಲ್ಲ. ಹನ್ನೊಂದು ವರ್ಷದಿಂದ ನಮ್ಮ ಪೇಟೆಯ ಮುಂದಾಳು ನಾನು. ಗಿರಣಿಯಲ್ಲಿ ಪಳಗಿದ ಗಂಟಲು, ಮೈದಾನದ ಆ ತುದಿಗೂ ಮುಟ್ಟುತ್ತಿತ್ತು. ಎದುರಿನವರು ಹತ್ತೇ ಜನ ಆಡುವ ಹೊತ್ತು ಹೆಚ್ಚಲಿ ಎಂದು ಒಂದೊಂದು ಸಂಖ್ಯೆಯನ್ನೂ ಎಳೆದು ಎಣಿಸುವುದರಲ್ಲಿ ನಾನು ಹೆಸರುವಾಸಿ. ಹಾಗೆಂದು ಕಟುಕನಲ್ಲ. ಆ ಹನ್ನೊಂದು ವರ್ಷದಲ್ಲಿ ಎರಡು ಸಲ, ಪಡುವಲದ ಇಬ್ಬರಿಗಾಗಿ ಎಣಿಕೆ ನಿಲ್ಲಿಸಿದ್ದೆ.

"ಈ ಒಂದು ವರ್ಷ ಬೇರೆಯವರು ಎಣಿಸಲಿ ಮರುಳಪ್ಪ" ಎಂದರು ಕಮಿಟಿಯ ಹಿರಿಯರು. "ನಿನ್ನ ಮೇಲೆ ಅನುಮಾನ ಅಂತಲ್ಲ. ನಾಳೆ ನಿನ್ನ ಮಗನೇ ಬಿದ್ದ ಅಂತ ಇಟ್ಕೋ. ನಿನಗೂ ಕಷ್ಟ, ನಮಗೂ ಕಷ್ಟ."

ಆಗಲಿ ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಮಗನ ದನಿ ಹೋಯಿತು, ಗಿರಣಿಯಲ್ಲಿ ಮಾತು ಹೋಯಿತು, ಈಗ ಇದೂ ಹೋದರೆ ನಾನು ಯಾರು ಎನಿಸಿತು. "ನಾನು ಮೊದಲು ಮೂಡಲಪೇಟೆಯವನು, ಆಮೇಲೆ ಅಪ್ಪ" ಎಂದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಹಿರಿಯರು ನಿಟ್ಟುಸಿರು ಬಿಟ್ಟು, ನಿನ್ನಿಷ್ಟ ಎಂದರು. ಆ ಮಾತನ್ನು ನಾನು ಮನೆಯಲ್ಲಿ ಹೇಳಲಿಲ್ಲ, ಆದರೆ ಮರುದಿನವೇ ಅದು ಹಳಿ ದಾಟಿತ್ತು.

ಪಂದ್ಯದ ದಿನ ಹಾಲಮ್ಮ ತಾನೂ ಬರುತ್ತೇನೆಂದಳು. ಮದುವೆಯಾದ ಮೇಲೆ ಅವಳು ಮೈದಾನಕ್ಕೆ ಬಂದದ್ದು ಅದೇ ಮೊದಲು. ನಮ್ಮ ಪೇಟೆಯ ಕಟ್ಟೆಯ ಮೇಲೆ, ಮುಂದಿನ ಸಾಲಿನಲ್ಲಿ, ನನ್ನ ಎಡಗಡೆ ಕುಳಿತಳು. ಎದುರು ಕಟ್ಟೆಯಲ್ಲಿ ಅವಳ ತವರಿನವರೆಲ್ಲ ಇದ್ದರು. ಅವಳು ಆ ಕಡೆ ಒಂದು ಸಲವೂ ಕೈ ಬೀಸಲಿಲ್ಲ.

ಮೊದಲ ಅರ್ಧದಲ್ಲಿ ಗೋಲು ಹೊಡೆದದ್ದು ಕೊಟ್ರೇಶನೇ, ಬಲಗಾಲು ತೋರಿಸಿ ಎಡಗಾಲಲ್ಲಿ. ನಮ್ಮ ಕಟ್ಟೆಯಲ್ಲಿ ಎಲ್ಲರೂ ಚೆಂಡು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ನಾನು ಕೈಕಟ್ಟಿಕೊಂಡು, ಮುಖ ಗಂಟಿಕ್ಕಿಕೊಂಡು ಕುಳಿತೆ. ಒಳಗೆ ಏನೋ ಕುಣಿಯುತ್ತಿತ್ತು, ಅದನ್ನು ಅದುಮಿಟ್ಟೆ. ಎರಡನೆಯ ಅರ್ಧದಲ್ಲಿ ನಮ್ಮವರು ಒಂದು ಗೋಲು ತಿರುಗಿಸಿ ಸಮ ಮಾಡಿದರು. ಇನ್ನು ಹತ್ತು ನಿಮಿಷ ಉಳಿದಿತ್ತು. ಕೊಟ್ರೇಶ ಚೆಂಡು ಹಿಡಿದು ಒಬ್ಬನೇ ನುಗ್ಗಿ ಬರುತ್ತಿದ್ದ. ನಮ್ಮ ದುರುಗೇಶ ಪಕ್ಕದಿಂದ ಜಾರಿ ಬಂದು ಕಾಲಿಗೆ ಕಾಲು ಕೊಟ್ಟ. ಚೆಂಡು ಎತ್ತಲೋ ಹೋಯಿತು. ನನ್ನ ಮಗ ಬಿದ್ದ.

ಇಡೀ ಕಟ್ಟೆ ನನ್ನ ಕಡೆ ತಿರುಗಿತು. "ಒಂದು" ಎಂದೆ. "ಒಂದು" ಎಂದರು ಎರಡು ಸಾವಿರ ಜನ.

ಎಂದಿನಂತೆ ಎಳೆದು ಎಣಿಸಿದೆ. ಹದಿನೈದಕ್ಕೆ ಅವನು ಕಾಲು ಹಿಡಿದುಕೊಂಡು ಮಗ್ಗುಲಾದ. ಇಪ್ಪತ್ತಾರಕ್ಕೆ ಹಾಲಮ್ಮ ನನ್ನ ತೋಳು ಹಿಡಿದಳು. "ಮುರಿದೈತೆ ಅಂತಿದಾನ್ರಿ. ಎಣಿಸಬ್ಯಾಡ್ರಿ." ಹಿಂದಿನ ಸಾಲಿನಿಂದ ಯಾರೋ, "ಪಡುವಲದ ಕಿವಿ ನೋಡಪ್ಪ" ಎಂದರು. ನಾಲ್ಕು ಜನ ನಕ್ಕರು. ಮೂವತ್ತೆಂಟಕ್ಕೆ ಅವನು ಕೈಯೂರಿ ಏಳಲು ನೋಡಿದ, ಕುಸಿದ. ನಟನೆ ನಾನೂ ಬೇಕಾದಷ್ಟು ನೋಡಿದ್ದೇನೆ. ಇದು ನಟನೆಯಲ್ಲ ಎಂದು ನನ್ನ ಕಣ್ಣಿಗೆ ಗೊತ್ತಾಯಿತು. ಇನ್ನೊಂದು ಹತ್ತು ಎಣಿಸಿ ನಿಲ್ಲಿಸೋಣ ಎಂದುಕೊಂಡೆ. ಇಷ್ಟು ಬೇಗ ನಿಲ್ಲಿಸಿದರೆ ಮಗನೆಂದು ನಿಲ್ಲಿಸಿದ ಎನ್ನುತ್ತಾರೆ, ಐವತ್ತಾದರೂ ಆಗಲಿ ಎಂದುಕೊಂಡೆ. "ಅಷ್ಟು ಕೂಗ್ತಿದಾನೆ, ನಿಲ್ಲಿಸ್ರೀ" ಎಂದು ಹಾಲಮ್ಮ ಎದ್ದು ನಿಂತಳು. ನಲವತ್ತಾರಕ್ಕೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು.

ಎರಡು ಸಾವಿರ ಜನ ನೋಡುತ್ತಿದ್ದರು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೈಯನ್ನು ಕೆಳಗಿಟ್ಟೆ. "ನಲವತ್ತೇಳು" ಎಂದೆ, ಮೊದಲಿಗಿಂತ ಗಟ್ಟಿಯಾಗಿ. ಕಟ್ಟೆ ಹೋ ಎಂದಿತು. ಹಾಲಮ್ಮ ಕುಳಿತುಬಿಟ್ಟಳು.

ಐವತ್ತು ಬಂತು, ಹೋಯಿತು. ಐವತ್ತೊಂಬತ್ತಕ್ಕೆ ಕೊಟ್ರೇಶ ಎದ್ದು ನಿಂತ. ನಿಂತೇಬಿಟ್ಟ, ನೋಡು, ಏನೂ ಆಗಿಲ್ಲ ಎಂದುಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಹಗುರವಾದದ್ದು ನೆನಪಿಲ್ಲ. ಅವನು ಒಂದು ಹೆಜ್ಜೆ ಇಟ್ಟ. ಮೊಣಕಾಲಿನ ಕೆಳಗೆ, ಬಾಗಬಾರದ ಕಡೆ ಕಾಲು ಬಾಗಿತು. ಬಿದ್ದವನ ಬಾಯಿ ಪೂರ್ತಿ ತೆರೆದಿತ್ತು, ಹಾಗೇ ತೆರೆದುಕೊಂಡೇ ಇತ್ತು. ನಾನು ಎಣಿಸುತ್ತಲೇ ಇದ್ದೆ. ಯಾಕೆ ಎಂದು ನನ್ನನ್ನು ಕೇಳಬೇಡಿ. ಬಾಯಿ ತನ್ನ ಪಾಡಿಗೆ ಎಣಿಸುತ್ತಿತ್ತು. ಎಂಬತ್ತನಾಲ್ಕಕ್ಕೆ ಆ ತುದಿಯಲ್ಲಿ ನಮ್ಮವರು ಗೋಲು ಹೊಡೆದರು. ಗೋಲಾದರೆ ಎಣಿಕೆ ತಾನಾಗಿ ನಿಲ್ಲುತ್ತದೆ. ಜನ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಪಡುವಲದವರು ಓಡಿ ಬಂದು ನನ್ನ ಮಗನನ್ನು ಹೊತ್ತುಕೊಂಡು ಹೋಗುವುದನ್ನು ನಾನು ಆ ಹೆಗಲುಗಳ ಮೇಲಿಂದ ನೋಡಿದೆ.

ಮುರಿದ ಕಾಲಿನ ಮೇಲೆ ಎದ್ದು ನಿಂತದ್ದೇ ಕೆಟ್ಟಿತು ಎಂದರು ಡಾಕ್ಟರು. ಮೂಳೆಯ ಚೂಪು ತುದಿ ಒಳಗಿನ ರಕ್ತನಾಳವನ್ನು ಕತ್ತರಿಸಿಬಿಟ್ಟಿತ್ತಂತೆ. ಮಲಗಿದ್ದಲ್ಲೇ ಮಲಗಿದ್ದರೆ ಬರೀ ಸಿಮೆಂಟು ಪಟ್ಟಿಯಲ್ಲಿ ಹೋಗುತ್ತಿತ್ತಂತೆ. "ಅಂಥ ಹೊತ್ತಲ್ಲಿ ಯಾಕೆ ಎದ್ದ?" ಎಂದು ಅವರು ಕೇಳಿದರು. ಹೊರಗಿನಿಂದ ಬಂದ ಡಾಕ್ಟರು, ಅವರಿಗೆ ನಮ್ಮ ಆಟ ಗೊತ್ತಿಲ್ಲ. ಹಾಲಮ್ಮ ನನ್ನ ಕಡೆ ನೋಡಲೂ ಇಲ್ಲ. ಎರಡನೆಯ ದಿನ ಎಡಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆದರು.

ಐದನೆಯ ದಿನ ಪಡುವಲದ ಕಾರ್ಯದರ್ಶಿ ಆಸ್ಪತ್ರೆಗೆ ಬಂದು, ಹಾಸಿಗೆಯ ಪಕ್ಕ ಮಡಿಸಿಟ್ಟಿದ್ದ ನೀಲಿ ಅಂಗಿಯನ್ನು ತೆಗೆದುಕೊಂಡು, ಕೈಮುಗಿದು ಹೋದರು. ಅವರು ಬಾಗಿಲು ದಾಟುವಷ್ಟರಲ್ಲಿ, "ಅವ್ವ, ಪರದೆ ಎಳಿ, ಬಿಸಿಲು ಬೀಳ್ತೈತೆ" ಎಂದ ಕೊಟ್ರೇಶ. ಎಂಟು ತಿಂಗಳ ಮೇಲೆ ನಾನು ಕೇಳಿದ ದನಿ ಅದು, ಸ್ವಲ್ಪ ದಪ್ಪಗಾಗಿತ್ತು. ನಾನು ಹೊರಗೆ ಓಡಿ ಹೋಗಿ, ಔಷಧಿ ಅಂಗಡಿಯ ಮುಂದೆ ನಿಂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಅವನು ನನ್ನೊಡನೆ ಎಲ್ಲರಂತೆಯೇ ಮಾತಾಡುತ್ತಿದ್ದ. ನೀರು ಕೇಳುತ್ತಿದ್ದ, ಗಿರಣಿಯ ಬೆಲ್ಟು ಹರಿಯಿತಂತಲ್ಲ ಎಂದು ವಿಚಾರಿಸುತ್ತಿದ್ದ. ಗಿರಣಿಗೆ ಜನ ಮತ್ತೆ ಬಂದರು. "ಎಂಬತ್ತನಾಲ್ಕು" ಎಂದು ನನಗೆ ಅಡ್ಡಹೆಸರೇ ಇಟ್ಟರು, ಮೆಚ್ಚುಗೆಯಿಂದಲೇ ಇಟ್ಟರು. ಹಾಲಮ್ಮ ಮಾತ್ರ ಆ ದಿನದ ವಿಷಯ ಎತ್ತಲಿಲ್ಲ. ಅವನು ಮೈದಾನದಲ್ಲಿ ಏನಂತ ಕೂಗುತ್ತಿದ್ದ ಎಂದು ಅವಳನ್ನು ಮೂರು ಸಲ ಕೇಳಿದೆ. ಮೂರನೆಯ ಸಲ, "ಈಗ ನಿಮಗೂ ಕೇಳಿಸ್ತೈತಲ್ಲ, ಅವನನ್ನೇ ಕೇಳ್ರಿ" ಎಂದಳು.

ಕೇಳಲು ನನಗೆ ಇಪ್ಪತ್ತು ದಿನ ಬೇಕಾಯಿತು. ಒಂದು ಬೆಳಗ್ಗೆ ಅವನು ಜಗುಲಿಯ ಮೇಲೆ ಕುಳಿತು ಉಳಿದ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹಾಲಮ್ಮ ಸಂತೆಗೆ ಹೋಗಿದ್ದಳು. ಪಕ್ಕದಲ್ಲಿ ಕುಳಿತೆ.

"ಅವತ್ತು ಏನಂತ ಕೂಗ್ತಿದ್ದೆ ಮಗಾ?"

"ಏನಿಲ್ಲಪ್ಪ. ನೋವಿಗೆ ಏನೇನೋ."

"ನಿಮ್ಮವ್ವ ಹೇಳವಲ್ಲಳು."

"ಬಿಡಪ್ಪ. ಆಗಿದ್ದಾಯ್ತು."

ಅಷ್ಟಕ್ಕೆ ಎದ್ದು ಬರಬೇಕಿತ್ತು. ಆದರೆ ಅವನು ಬಿಡಪ್ಪ ಎಂದದ್ದು ನನಗೆ ಸಾಲಲಿಲ್ಲ. ನಿನ್ನದೇನೂ ತಪ್ಪಿಲ್ಲ ಎಂಬ ಮಾತು ಆ ದನಿಯಲ್ಲೇ ಬರಲಿ ಎಂದು ಆಸೆಯಾಯಿತು. "ನಂಗೆ ಕೇಳಿಸಲಿಲ್ಲ ಮಗಾ" ಎಂದೆ. "ನಿಮ್ಮವ್ವನ ಆಣೆ. ಒಂದಕ್ಷರ ಕೇಳಿಸಿದ್ರೂ ನಿಲ್ಲಿಸ್ತಿದ್ದೆ."

ಅವನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

"ಅವ್ವ ನಿನ್ನ ಬಾಯಿ ಮುಚ್ಚಿದ್ಲು" ಎಂದ. "ನೀನು ಅವಳ ಕೈ ತೆಗೆದೆ. ನಾನು ಮಲಗಿದ್ದಲ್ಲಿಂದ ಕಾಣಿಸ್ತಿತ್ತಪ್ಪ. ಅದಕ್ಕೇ ಎದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಗಿರಣಿ ಇನ್ನೂ ಶುರುವಾಗಿರಲಿಲ್ಲ, ಬೀದಿಯಲ್ಲಿ ಸದ್ದಿರಲಿಲ್ಲ. ಅವನ ದನಿ ನನಗೆ ಒಂದಕ್ಷರವೂ ಬಿಡದೆ ಕೇಳಿಸಿತು.